ಆರಡಿ ಟ್ಯಾಂಕಿನ ತಳ ಎರಡು ಸಲ ಬದಲಾದ ಕಥೆ: ಒಂದು ಪ್ರಕರಣ ಅಧ್ಯಯನ

ಇದು ಒಂದೇ ಒಂದು ಮೀನಿನ ಟ್ಯಾಂಕಿನ (ಅಕ್ವೇರಿಯಂ) ವಿಷಯ. ತಳ ಅಂದ್ರೆ ಅದರ ಅಡಿಯಲ್ಲಿ ಹರಡೋ ಕಲ್ಲು, ಮರಳು. ಓನರ್ ಒಪ್ಪಿಗೆ ತಗೊಂಡೇ ಬರೀತಿದೀನಿ, ಆದ್ರೆ ಹೆಸರು ಊರು ಏನೂ ಹಾಕಲ್ಲ, ಗೆಳೆಯ ಅಂತಷ್ಟೇ ಕರೀತೀನಿ, ಒಂದೆರಡು ಸಣ್ಣಪುಟ್ಟ ವಿವರ ಬೇಕಂತ್ಲೇ ಬದಲಾಯ್ಸಿದೀನಿ. ನಾನು ಇದ್ರಲ್ಲಿ ಹೊರಗೆ ನಿಂತು ನೋಡ್ದವನಲ್ಲ, ಮೊದಲನೇ ಫೋನಿಂದ ಕೊನೇ ಬಕೆಟ್ ವರೆಗೂ ಜೊತೇಲಿದ್ದೆ, ನಾನು ಕೊಟ್ಟ ಒಂದು ಸಲಹೆಯಿಂದ ಮೂರು ಮೀನು ಸತ್ವು, ಅದನ್ನೂ ಮುಚ್ಚಿಡದೆ ಬರೀತೀನಿ, ಯಾಕಂದ್ರೆ ಅದೇ ತಪ್ಪನ್ನ ಇನ್ನೂ ತುಂಬಾ ಜನ ಮಾಡ್ತಾರೆ.

ಟ್ಯಾಂಕ್ ಹೇಗಿತ್ತು

6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಲೆಕ್ಕ ಹಾಕಿದ್ರೆ 680 ಲೀಟರ್ ಹತ್ರ ಬರುತ್ತೆ. ಹಾಲ್‌ನಲ್ಲಿ, ಬಂದವರೆಲ್ಲ ಮೊದಲು ನೋಡೋ ಜಾಗದಲ್ಲಿ ಇಟ್ಟಿದ್ದ. ಎರಡು ಕ್ಯಾನಿಸ್ಟರ್ ಫಿಲ್ಟರ್, ಎರಡು ಹೀಟರ್, 27 ಡಿಗ್ರಿ. ಮೀನು ಅಂದ್ರೆ 6 ಜಿಯೋಫೇಗಸ್, 12 ಕೋರಿಡೋರಾಸ್ (ಕೋರಿ ಅಂತೀವಿ, ತಳದಲ್ಲಿ ಓಡಾಡೋ ಸಣ್ಣ ಮೀಸೆ ಮೀನು), 15 ರೇನ್‌ಬೋ, 2 ಬ್ರಿಸಲ್‌ನೋಸ್ ಪ್ಲೆಕೋ. ಎರಡು ದೊಡ್ಡ ಮರದ ಬೇರು, ಅದಕ್ಕೆ ಕಟ್ಟಿದ ಅನೂಬಿಯಾಸ್ ಮತ್ತು ಜಾವಾ ಫರ್ನ್ ಗಿಡ. ತಳಕ್ಕೆ ಬಿಳೀ ಉರುಟು ಕಲ್ಲು, ಒಂದೊಂದೂ 8ರಿಂದ 12 ಮಿಮೀ, 7 ಸೆಂಮೀ ದಪ್ಪ. ಆ ಅಳತೆಗೆ 75 ಲೀಟರ್ ಕಲ್ಲು ಹಿಡಿಯುತ್ತೆ, ತೂಕ 115ರಿಂದ 120 ಕೆಜಿ.

ಬಿಳೀ ಕಲ್ಲು ಯಾಕೆ ಅಂತ ಕೇಳಿದ್ದಕ್ಕೆ ಅವನು ಎರಡು ಕಾರಣ ಹೇಳ್ದ. ಒಂದು, ನೋಡೋಕೆ ಚೆಂದ, ಲೈಟ್ ಹಾಕಿದ್ರೆ ಇಡೀ ಟ್ಯಾಂಕ್ ಬೆಳಗುತ್ತೆ. ಎರಡನೇದು, ದೊಡ್ಡ ಕಲ್ಲು ತೊಳೆಯೋದು ಸುಲಭ, ಮರಳಾದ್ರೆ ಪೈಪಲ್ಲಿ ಎಳ್ಕೊಂಡು ಹೋಗುತ್ತೆ ಅಂತ. ಎರಡನೇ ಕಾರಣ ನೆನಪಿಟ್ಕೊಳ್ಳಿ, ಇಡೀ ಕಥೆ ಅದರ ಮೇಲೇ ನಿಂತಿದೆ. ಇನ್ನೊಂದು ವಿಷಯ, ಅವನಿಗೆ ಸೊಂಟ ನೋವಿದೆ, ಬಗ್ಗಿ ತುಂಬಾ ಹೊತ್ತು ಕೆಲಸ ಮಾಡೋಕಾಗಲ್ಲ, ಹಾಗಾಗಿ ಕ್ಲೀನಿಂಗ್ ಸುಲಭ ಇರ್ಬೇಕು ಅನ್ನೋದು ಅವನಿಗೆ ಸೋಮಾರಿತನದ ಮಾತಲ್ಲ, ಆಗ್ದಿದ್ರೆ ಟ್ಯಾಂಕೇ ಬಿಡ್ಬೇಕಾದ ಪರಿಸ್ಥಿತಿ.

ತೊಂದ್ರೆ ಶುರುವಾಗಿದ್ದು

ಮೊದಲ ಎರಡು ತಿಂಗಳು ಫೋಟೋ ಕಳಿಸ್ತಾನೇ ಇದ್ದ. ನಾಲ್ಕನೇ ತಿಂಗಳಿಗೆ ಫೋಟೋ ನಿಂತ್ಹೋಯ್ತು, ಫೋನ್ ಬಂತು. ಕಲ್ಲೆಲ್ಲ ಹಸಿರು ಕಂದು ಆಗಿದೆ, ಪ್ರತಿ ಭಾನುವಾರ ಮೂರು ಗಂಟೆ ಸೈಫನ್ (ಕೊಳೆ ಸಮೇತ ನೀರು ಹೊರಗೆಳೆಯೋ ಪೈಪ್) ಹಿಡಿದ್ರೂ ಕೊಳೆ ಮುಗಿಯಲ್ಲ, ನೀರು ಬದಲಾಯ್ಸಿದ ಒಂದು ವಾರಕ್ಕೆ ನೈಟ್ರೇಟ್ (ಕೊಳೆಯಿಂದ ಹುಟ್ಟಿ ನೀರಲ್ಲಿ ಸೇರ್ಕೊಳ್ಳೋದು) 80 ಪಿಪಿಎಂ, ಅಂದ್ರೆ ಲೀಟರಿಗೆ 80 ಮಿಲಿಗ್ರಾಂ ತೋರ್ಸುತ್ತೆ, ಕೋರಿಗಳ ಮೀಸೆ ಗಿಡ್ಡ ಆಗ್ತಿದೆ, ಜಿಯೋಫೇಗಸ್ ಒಂದು ಮೂಲೇಲಿ ನಿಂತು ಕಲ್ಲನ್ನ ಕಚ್ಚಿ ಕಚ್ಚಿ ಬಿಡುತ್ತೆ ಅಂತ ಒಂದೇ ಉಸಿರಲ್ಲಿ ಹೇಳ್ದ.

ಕೊನೇದು ಕೇಳಿ ನಂಗೆ ಬೇಜಾರಾಯ್ತು. ಜಿಯೋಫೇಗಸ್ ಅನ್ನೋ ಹೆಸರಿನ ಅರ್ಥಾನೇ ಮಣ್ಣು ತಿನ್ನೋದು ಅಂತ. ಬಾಯ್ತುಂಬ ಮರಳು ತುಂಬ್ಕೊಂಡು, ತಿನ್ನೋ ಚೂರನ್ನ ಒಳಗಿಟ್ಕೊಂಡು ಮಿಕ್ಕಿದ್ದನ್ನ ಕಿವಿರಿಂದ ಹೊರಗೆ ಬಿಡೋದು ಅದರ ದಿನವಿಡೀ ಕೆಲಸ. 10 ಮಿಮೀ ಕಲ್ಲು ಹಾಕಿದ್ರೆ ಆ ಮೀನಿಗೆ ಮಾಡೋಕೆ ಕೆಲಸಾನೇ ಇಲ್ಲ. ಕೋರಿಗಳೂ ಅಷ್ಟೇ, ಮೂತಿ ಮರಳಿಗೆ ತೂರ್ಸಿ ಹುಡುಕೋ ಮೀನು. ಮೀಸೆ ಸವೆಯೋದಕ್ಕೆ ಚೂಪು ಕಲ್ಲು ಕಾರಣ ಅಂತ ಎಲ್ಲರೂ ಹೇಳ್ತಾರೆ, ಅದೂ ಹೌದು, ಆದ್ರೆ ಕೊಳೆ ತುಂಬಿದ ತಳದಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಕೂಡ ಮೀಸೆ ತಿಂದ್ಹಾಕುತ್ತೆ. ಇವನ ಕಲ್ಲು ಚೂಪಿರ್ಲಿಲ್ಲ, ನುಣುಪಾಗೇ ಇತ್ತು.

ನಾನು ಮನೆಗೆ ಹೋದೆ. ಮೊದಲು ಮಾಡಿದ್ದು, ಹಿಂದಿನ ಎಡ ಮೂಲೆಯಿಂದ ಒಂದು ಮಗ್ ಕಲ್ಲು ತೆಗೆದು, ಬಿಳೀ ಬಕೆಟ್‌ಗೆ ಹಾಕಿ, ಟ್ಯಾಂಕಿನ ನೀರನ್ನೇ ಹುಯ್ದು, ಕೈಯಾಡಿಸಿದ್ದು. ಮಳೆಗಾಲದ ಹಳ್ಳದ ನೀರಿನ ಥರ ಕೆಂಪಗೆ ಕದಡಿ ಬಕೆಟ್ ತಳಾನೇ ಕಾಣ್ಲಿಲ್ಲ. ಅದೂ ಹಿಂದಿನ ದಿನ ತಾನೇ ಕ್ಲೀನ್ ಮಾಡಿದ್ದ ಜಾಗ. ಗೆಳೆಯ ಸುಮ್ನೆ ನಿಂತು ನೋಡ್ದ, ಅಷ್ಟು ತಿಂಗಳ ಭಾನುವಾರಗಳು ಎಲ್ಲಿ ಹೋದ್ವು ಅಂತ ಅವನಿಗೆ ಅಲ್ಲೇ ಅರ್ಥ ಆಯ್ತು.

ಸೈಫನ್ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಸಣ್ಣ ಟ್ಯಾಂಕಲ್ಲಿ ಕಲ್ತಿದ್ದು ದೊಡ್ಡ ಟ್ಯಾಂಕಲ್ಲಿ ಯಾಕೆ ಕೆಲಸ ಮಾಡಲ್ಲ ಅನ್ನೋದು ಇದ್ರಲ್ಲೇ ಇದೆ.

ಅವನ ಸೈಫನ್ ಟ್ಯೂಬಿನ ಬಾಯಿ 5 ಸೆಂಮೀ ಅಗಲ. ಅಂದ್ರೆ ಒಂದು ಸಲ ಚುಚ್ಚಿದ್ರೆ ಸುಮಾರು 20 ಚದರ ಸೆಂಮೀ ಜಾಗ ಕ್ಲೀನ್ ಆಗುತ್ತೆ. ಟ್ಯಾಂಕಿನ ತಳ 180 ಗುಣಿಸು 60, ಅಂದ್ರೆ 10,800 ಚದರ ಸೆಂಮೀ. ಇಡೀ ತಳ ಮುಗಿಸ್ಬೇಕಂದ್ರೆ 500 ಸಲಕ್ಕಿಂತ ಜಾಸ್ತಿ ಚುಚ್ಬೇಕು. ಒಂದೊಂದು ಕಡೆ 10 ಸೆಕೆಂಡ್ ಹಿಡಿದ್ರೂ ಒಂದೂವರೆ ಗಂಟೆ. ಈಗ ಪೈಪಿಂದ ನಿಮಿಷಕ್ಕೆ 8 ಲೀಟರ್ ಹೊರಗೆ ಹೋಗುತ್ತೆ ಅಂದ್ಕೊಳ್ಳಿ, ಒಂದೂವರೆ ಗಂಟೆಗೆ 720 ಲೀಟರ್. ಟ್ಯಾಂಕಲ್ಲಿ ಇರೋದೇ 680! ಅಂದ್ರೆ ಅರ್ಧ ತಳ ಮುಗಿಯೋ ಹೊತ್ತಿಗೆ ಅರ್ಧ ನೀರು ಖಾಲಿ, ಅಲ್ಲಿಗೆ ನಿಲ್ಲಿಸ್ಲೇಬೇಕು. ಗೆಳೆಯ ಮಾಡ್ತಿದ್ದಿದ್ದೂ ಅದೇ, ಮಧ್ಯ ಮಧ್ಯ ಪೈಪ್ ಮಡಚಿ ಹಿಡ್ಕೊಂಡು, ಜಾಗ ಬದಲಾಯ್ಸಿ, ಮತ್ತೆ ಬಿಟ್ಟು, ಮೂರು ಗಂಟೆ ಎಳೀತಿದ್ದ.

ಇಷ್ಟೂ ಮಾಡಿ ಕೊಳೆ ಬರ್ತಿತ್ತಾ ಅಂದ್ರೆ ಅದೂ ಇಲ್ಲ. 2ರಿಂದ 4 ಮಿಮೀ ಗ್ರಾವೆಲ್ (ಸಣ್ಣ ಕಲ್ಲು) ಆದ್ರೆ ಟ್ಯೂಬ್ ಒಳಗೆ ಕುದಿಯೋ ಥರ ಎದ್ದು ತಿರುಗಿ ಕೆಳಗೆ ಬೀಳುತ್ತೆ, ಅಷ್ಟರಲ್ಲಿ ಕೊಳೆ ಬೇರೆಯಾಗಿ ಮೇಲೆ ಹೋಗುತ್ತೆ. 10 ಮಿಮೀ ಕಲ್ಲು ಆ ನೀರಿನ ಎಳೆತಕ್ಕೆ ಅಲ್ಲಾಡೋದೇ ಇಲ್ಲ. ಟ್ಯೂಬ್ ಮೇಲಿನ ಎರಡು ಸೆಂಮೀ ಇಳಿದು ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ. ಕೆಳಗಿನ 5 ಸೆಂಮೀಗೆ ಏನೂ ತಾಗಲ್ಲ. ಕಲ್ಲು ಕಲ್ಲಿನ ನಡುವೆ ಸಾಸಿವೆ ಕಾಳು ಹೋಗೋಷ್ಟು ಸಂದಿ, ಮೀನಿನ ಹೇಲು ಉಳಿದ ಫುಡ್ಡು ಕೊಳೆತ ಎಲೆ ಎಲ್ಲಾ ಸೀದಾ ಅಲ್ಲಿಗೆ ಇಳಿಯುತ್ತೆ, ಫಿಲ್ಟರ್‌ಗೂ ಸಿಗಲ್ಲ ಸೈಫನ್‌ಗೂ ಸಿಗಲ್ಲ. ದೊಡ್ಡ ಕಲ್ಲು ಕೈಯಲ್ಲಿ ಹಿಡಿದು ತೊಳೆಯೋಕೆ ಸುಲಭ, ಟ್ಯಾಂಕ್ ಒಳಗಿದ್ದಾಗ ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ.

ಅದೇ ದಿನ ಪಿಎಚ್ (ನೀರಿನ ಆಮ್ಲ ಕ್ಷಾರದ ಅಳತೆ) ನೋಡಿದ್ವಿ, 8.2. ಮನೆ ನಲ್ಲಿ ನೀರು 7.4. ನೀರು ಟ್ಯಾಂಕಿಗೆ ಬಂದ್ಮೇಲೆ ಏರ್ತಿದೆ ಅಂದ್ರೆ ಒಳಗಿರೋದು ಏನೋ ಕರಗ್ತಿದೆ. ಒಂದು ಕಲ್ಲು ಒಣಗಿಸಿ, ಸುತ್ತಿಗೇಲಿ ಪುಡಿ ಮಾಡಿ, ವಿನೆಗರ್ ಹನಿ ಹಾಕಿದ್ರೆ ಸಣ್ಣಗೆ ನೊರೆ ಬಂತು. ಅಮೃತಶಿಲೆ ಚೂರು, ಅಂದ್ರೆ ಕ್ಯಾಲ್ಸಿಯಂ ಕಾರ್ಬೋನೇಟ್. ಇಡೀ ಕಲ್ಲಿನ ಮೇಲೆ ಹನಿ ಹಾಕಿದ್ರೆ ಕೆಲವು ಸಲ ಕಾಣೋದೇ ಇಲ್ಲ, ಪುಡಿ ಮಾಡಿ ನೋಡಿ, ನಾನು ಯಾವಾಗ್ಲೂ ಹಾಗೇ ಮಾಡೋದು. ಗಡಸು ನೀರು ಬೇಕಾದ ಆಫ್ರಿಕನ್ ಸಿಕ್ಲಿಡ್‌ಗೆ ಇಂಥ ಕಲ್ಲು ಓಕೆ, ಇವನ ಮೀನುಗಳಿಗಲ್ಲ.

ಮೊದಲನೇ ತಪ್ಪು, ಅದು ನನ್ನದು

ಇದಕ್ಕೂ ಮುಂಚೆ ಅವನು ಯಾರೋ ಹೇಳಿದ್ರು ಅಂತ ಕ್ಲೀನ್ ಮಾಡೋ ಮೀನು ತಂದಿದ್ದ, ಆ ಎರಡು ಪ್ಲೆಕೋ. ಪ್ಲೆಕೋ ಗಾಜು ಮರದ ಮೇಲಿನ ಪಾಚಿ ಕೆರೆಯುತ್ತೆ ನಿಜ, ಆದ್ರೆ ಬೇರೆ ಮೀನಿನ ಹೇಲು ತಿಂದು ಕ್ಲೀನ್ ಮಾಡಲ್ಲ, ಅವೇ ಉದ್ದುದ್ದ ದಾರದ ಥರ ಹಾಕ್ತಾವೆ. ತಂದ್ಮೇಲೆ ಕೊಳೆ ಹೆಚ್ಚೇ ಆಯ್ತು.

ಬಕೆಟ್ ನೋಡಿದ್ಮೇಲೆ ನಾನು ಹೇಳ್ದೆ, ಈ ಕಲ್ಲು ಪೂರ್ತಿ ತೆಗೆದ್ಬಿಡು, ಸದ್ಯಕ್ಕೆ ಖಾಲಿ ಗಾಜು ಇರ್ಲಿ, ಆಮೇಲೆ ಯೋಚಿಸೋಣ ಅಂತ. ತೆಗೀಬೇಕು ಅಂದಿದ್ದು ಸರಿ. ಹೇಗೆ, ಎಷ್ಟು ದಿನದಲ್ಲಿ ಅಂತ ಹೇಳ್ಲಿಲ್ಲ, ಅದು ನನ್ನ ತಪ್ಪು. ಅವನು ಮುಂದಿನ ಶನಿವಾರ ಮನೆಯವರನ್ನೆಲ್ಲ ಸೇರಿಸ್ಕೊಂಡು ಒಂದೇ ದಿನದಲ್ಲಿ 120 ಕೆಜಿಯನ್ನೂ ಹೊರಗೆ ಹಾಕ್ದ. ಮೀನು ಟ್ಯಾಂಕಲ್ಲೇ ಇದ್ವು. ಕದಡಿದ ಕೊಳೆಗೆ ಎರಡೂ ಫಿಲ್ಟರ್ ಕಟ್ಕೊಂಡು ನೀರು ಬರೋದು ನಿಂತೋಯ್ತು, ಅದಕ್ಕೆ ಎರಡರ ಸ್ಪಾಂಜನ್ನೂ ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗೋವರೆಗೂ ತೊಳೆದ.

ಅಲ್ಲಿಗೆ ಅಮೋನಿಯ (ಮೀನಿಂದ, ಕೊಳೆಯಿಂದ ಬರೋ ವಿಷ) ತಿನ್ನೋ ಬ್ಯಾಕ್ಟೀರಿಯಾ ಇದ್ದ ಎರಡೂ ಜಾಗ ಒಂದೇ ದಿನ ಹೋಯ್ತು. ಕಲ್ಲಿನ ಮೇಲಿದ್ದಿದ್ದು ಕಲ್ಲಿನ ಜೊತೆ ಹೋಯ್ತು, ಸ್ಪಾಂಜಲ್ಲಿದ್ದಿದ್ದು ಕ್ಲೋರಿನ್ ನೀರಿಗೆ ಸತ್ತೋಯ್ತು. ಮೂರನೇ ದಿನ ಅಮೋನಿಯ 1 ಪಿಪಿಎಂ. ಅರ್ಧ ಹಳೇ ನೀರೇ ಇದ್ದಿದ್ರಿಂದ ಪಿಎಚ್ ಇನ್ನೂ 8ರ ಹತ್ರ. ಪಿಎಚ್ 7ರ ಆಸುಪಾಸು ಇದ್ದಾಗ ಅಮೋನಿಯದ ಬಹುಪಾಲು ಅಮೋನಿಯಂ ರೂಪದಲ್ಲಿ ಇರುತ್ತೆ, ಅಷ್ಟು ವಿಷ ಅಲ್ಲ, ಪಿಎಚ್ ಒಂದು ಅಂಕ ಏರಿದ್ರೆ ವಿಷದ ಭಾಗ ಹತ್ತು ಪಟ್ಟಿನ ಹತ್ರ ಏರುತ್ತೆ. ಹಾಗಾಗಿ ಅದೇ 1 ಪಿಪಿಎಂ ಇವನ ಟ್ಯಾಂಕಲ್ಲಿ ತುಂಬಾ ಕೆಟ್ಟದ್ದಾಯ್ತು. ನಾಲ್ಕನೇ ದಿನ ಬೆಳಿಗ್ಗೆ ಮೂರು ಕೋರಿ ಸತ್ತಿದ್ವು, ಮೂರಕ್ಕೂ ಮೀಸೆ ಮೊದಲೇ ಸವೆದಿತ್ತು.

ಫುಡ್ ನಿಲ್ಲಿಸಿ, ದಿನಾ 40 ಪರ್ಸೆಂಟ್ ನೀರು ಬದಲಾಯ್ಸಿ, ಅಮೋನಿಯ ಕಟ್ಟಿಹಾಕೋ ಕಂಡಿಷನರ್ ಹಾಕಿ, ನನ್ನ ಟ್ಯಾಂಕಿನ ಫಿಲ್ಟರಿಂದ ಬ್ಯಾಕ್ಟೀರಿಯಾ ಕೂತಿರೋ ಎರಡು ಬ್ಯಾಗ್ ಹಳೇ ಸೆರಾಮಿಕ್ ಮೀಡಿಯಾ ತಂದು ಅವನ ಫಿಲ್ಟರಿಗೆ ಹಾಕಿದ್ವಿ. ಅಮೋನಿಯ, ಅದರಿಂದ ಆಗೋ ಇನ್ನೊಂದು ವಿಷ ನೈಟ್ರೈಟ್, ಎರಡೂ ಸೊನ್ನೆಗೆ ಬರೋಕೆ ಎರಡೂವರೆ ವಾರ ಹಿಡೀತು.

ತಳ ತೆಗೆಯೋರು ದಯವಿಟ್ಟು ಇಷ್ಟು ಮಾಡಿ. ವಾರಕ್ಕೆ ಕಾಲು ಭಾಗ ಅಥವಾ ಮೂರನೇ ಒಂದು ಭಾಗ ಮಾತ್ರ ತೆಗೀರಿ. ತೆಗೆಯೋ ದಿನ ಮೀನನ್ನ ಬೇರೆ ಕಡೆ ಹಾಕೋಕಾದ್ರೆ ಹಾಕಿ. ಫಿಲ್ಟರ್ ಕಟ್ಕೊಂಡ್ರೆ ಟ್ಯಾಂಕಿನ ನೀರಲ್ಲೇ ಹಿಂಡಿ, ಅದೂ ಒಂದೇ ಫಿಲ್ಟರ್, ಇನ್ನೊಂದು ಎರಡು ವಾರ ಬಿಟ್ಟು.

ಖಾಲಿ ಗಾಜಿನ ಒಂದು ತಿಂಗಳು

ಕ್ಲೀನಿಂಗ್ ವಿಷಯದಲ್ಲಿ ಖಾಲಿ ತಳಕ್ಕೆ ಸಾಟಿ ಇಲ್ಲ. ಹದಿನೈದು ನಿಮಿಷ, ಮುಗೀತು. ನೈಟ್ರೇಟ್ ವಾರದ ಕೊನೆಗೂ 20 ದಾಟ್ತಿರ್ಲಿಲ್ಲ. ಮರಿ ಸಾಕೋರು, ಕಾಯಿಲೆ ಮೀನು ಇಡೋರು ಯಾಕೆ ಖಾಲಿ ಟ್ಯಾಂಕ್ ಇಡ್ತಾರೆ ಅಂತ ನೋಡಿದ್ರೆ ಗೊತ್ತಾಗುತ್ತೆ.

ಆದ್ರೆ ಮೀನುಗಳು ಬೇರೇನೇ ಹೇಳ್ತಿದ್ವು. ಕೆಳಗಿನ ಗಾಜಲ್ಲಿ ತಮ್ಮದೇ ಪ್ರತಿಬಿಂಬ ಕಂಡು ಜಿಯೋಫೇಗಸ್ ಹೆದರ್ಕೊಂಡು ಮರದ ಹಿಂದೆ ಸೇರ್ಕೊಂಡ್ವು, ಬಣ್ಣ ಬಿಳಿಚ್ಕೊಂಡಿತು. ಕೋರಿಗಳು ಗಾಜಿನ ಉದ್ದಕ್ಕೂ ಮೇಲೆ ಕೆಳಗೆ ಓಡ್ತಾನೇ ಇದ್ವು. ಮನೆಯವರು ಇದೇನು ಆಸ್ಪತ್ರೆ ಥರ ಇದೆ ಅಂದ್ರು, ಆ ಮಾತು ನಂಗೂ ನಿಜ ಅನ್ನಿಸ್ತು. ಚೆಂದ ಅನ್ನೋದನ್ನ ನಾವು ಎಷ್ಟೋ ಸಲ ಎರಡನೇ ಸಾಲಿಗೆ ತಳ್ತೀವಿ, ಆದ್ರೆ ಹಾಲ್‌ನಲ್ಲಿ ಇಟ್ಟ ಆರಡಿ ಟ್ಯಾಂಕ್ ನೋಡೋಕೆ ಖುಷಿ ಕೊಡ್ದೇ ಇದ್ರೆ ಎರಡು ವರ್ಷದಲ್ಲಿ ಅದು ಮೂಲೆ ಸೇರುತ್ತೆ. ನಿಜವಾಗ್ಲೂ ಚೆಂದ ಬೇಕು.

ನಾಲ್ಕು ಟ್ರೇ

ಈ ಸಲ ಆತುರ ಬೇಡ ಅಂತ ಇಬ್ಬರೂ ಒಪ್ಕೊಂಡ್ವಿ. ಅಂಗಡಿಯ ಲೈಟ್ ಕೆಳಗೆ, ಒಣಗಿದ್ದಾಗ, ಹೊಸದಾಗಿದ್ದಾಗ ತಳಕ್ಕೆ ಹಾಕೋ ಎಲ್ಲಾ ಕಲ್ಲು ಮರಳೂ ಚೆಂದಾನೇ. ನಮಗೆ ಬೇಕಾಗಿದ್ದು ಮೂರು ವಾರ ಮೀನು ಓಡಾಡಿದ್ಮೇಲೆ ಹೇಗಿರುತ್ತೆ ಅನ್ನೋದು. ಖಾಲಿ ಗಾಜು ಹೇಗೂ ಇತ್ತಲ್ಲ, ನಾಲ್ಕು ಪ್ಲಾಸ್ಟಿಕ್ ಟ್ರೇ ತಂದು ನಾಲ್ಕು ಥರದ ತಳ ಹಾಕಿ ಸಾಲಾಗಿ ಇಟ್ವಿ, 3 ಸೆಂಮೀ ದಪ್ಪ. ಒಂದರಲ್ಲಿ ನುಣ್ಣನೆ ಬಿಳೀ ಸಿಲಿಕಾ ಮರಳು. ಒಂದರಲ್ಲಿ ಕಡು ಕಪ್ಪು ಮರಳು, ಮರಳೆರಚಿ ಲೋಹ ಉಜ್ಜೋಕೆ ಬಳಸ್ತಾರಲ್ಲ ಆ ಥರದ್ದು. ಮೂರನೇದರಲ್ಲಿ 3ರಿಂದ 5 ಮಿಮೀ ನದಿ ಗ್ರಾವೆಲ್, ಕಂದು ಬೂದು ಮಿಕ್ಸ್. ನಾಲ್ಕನೇದರಲ್ಲಿ ಈಜುಕೊಳದ ಫಿಲ್ಟರಿಗೆ ಹಾಕೋ ಮರಳು, ಅರ್ಧ ಮಿಮೀಯಿಂದ 1 ಮಿಮೀ ಒಳಗೆ, ಮಾಸಲು ಕಂದು, ಅಲ್ಲಲ್ಲಿ ಕಪ್ಪು ಬಿಳೀ ಕಾಳು ಸೇರಿರೋದು. ಗಿಡದ ಸಾಯಿಲ್ ಮೊದಲೇ ಕೈಬಿಟ್ವಿ, ಅದು ಶುರುವಲ್ಲಿ ಅಮೋನಿಯ ಬಿಡುತ್ತೆ, ಅಗೆಯೋ ಮೀನಿದ್ರೆ ಕಾಳು ಒಡೆದು ಕೆಸರಾಗುತ್ತೆ. ಬಣ್ಣ ಹಚ್ಚಿದ ಗ್ರಾವೆಲ್ಲೂ ಬೇಡ ಅಂದ್ವಿ, ಬಣ್ಣ ಒಂದಲ್ಲ ಒಂದಿನ ಸುಲಿಯುತ್ತೆ.

ಎಲ್ಲಕ್ಕೂ ವಿನೆಗರ್ ಹಾಕಿ ನೋಡಿದ್ವಿ, ಯಾವುದೂ ನೊರೆ ಬರ್ಲಿಲ್ಲ. ಎಲ್ಲವನ್ನೂ ಅಂಗೈ ನಡುವೆ ಇಟ್ಟು ಉಜ್ಜಿ ನೋಡಿದ್ವಿ. ಕಪ್ಪು ಮರಳು ಗಾಜಿನ ಪುಡಿ ಥರ ಚುಚ್ಚಿತು. ಆ ಥರದ ಕಪ್ಪು ಮರಳಲ್ಲಿ ಕೋರಿ ಚೆನ್ನಾಗೇ ಇದಾವೆ ಅನ್ನೋರೂ ಇದಾರೆ, ಆದ್ರೂ ಕಿವಿರಲ್ಲಿ ಮರಳು ಜರಡಿ ಹಿಡಿಯೋ ಮೀನಿಗೆ ನಾನು ಅದನ್ನ ಕೊಡಲ್ಲ, ನನ್ನ ಅಂಗೈಗೆ ನೋವಾದದ್ದು ಅದರ ಕಿವಿರಿಗೆ ಬೇಡ.

ಮೊದಲ ದಿನ ಎಲ್ಲರೂ ಮೆಚ್ಚಿದ್ದು ಬಿಳೀ ಮರಳು. ಮೂರನೇ ದಿನಕ್ಕೆ ಬಿಳೀ ಕಾಗದದ ಮೇಲೆ ಮಸಿ ಚೆಲ್ಲಿದ ಥರ ಒಂದೊಂದು ಹೇಲೂ ದೂರದಿಂದ್ಲೇ ಕಾಣ್ತಿತ್ತು. ಅದ್ರ ಮೇಲೆ ಬಂದು ನಿಂತ ಮೀನಿನ ಬಣ್ಣಾನೂ ಮಾಸ್ತಿತ್ತು, ಮೀನು ಸುತ್ತಲಿನ ಬೆಳಕಿಗೆ ತಕ್ಕ ಹಾಗೆ ತನ್ನ ಚರ್ಮದ ಕಪ್ಪು ಕಣಗಳನ್ನ ಕುಗ್ಗಿಸ್ಕೊಳ್ಳುತ್ತೆ. ಜೊತೆಗೆ ತೀರಾ ನುಣ್ಣಗಿದ್ದಿದ್ರಿಂದ ಮೀನು ಬಾಲ ಬೀಸಿದ್ರೂ ಹೊಗೆ ಥರ ಏಳ್ತಿತ್ತು, ಅದು ಫಿಲ್ಟರ್ ಒಳಗೆ ಹೋದ್ರೆ ನೀರು ತಳ್ಳೋ ಚಕ್ರ (ಇಂಪೆಲ್ಲರ್) ಸವೆಯುತ್ತೆ. ಕಪ್ಪಿನ ಮೇಲೆ ಮೀನಿನ ಬಣ್ಣ ಎಲ್ಲಕ್ಕಿಂತ ಚೆಂದ ಕಾಣ್ತಿತ್ತು, ಅದು ಒಪ್ಲೇಬೇಕು, ಆದ್ರೆ ಬೂದಿ ಬಣ್ಣದ ಧೂಳು ಕೂತು ವಾರಕ್ಕೆ ಮಬ್ಬಾಯ್ತು.

ಮೂರು ವಾರದ ಕೊನೆಗೆ ಮನೆಯವರೆಲ್ಲ ಕೈ ತೋರ್ಸಿದ್ದು ಗ್ರಾವೆಲ್ ಟ್ರೇಗೆ. ನೋಡೋಕೆ ಅದೇ ಎಲ್ಲಕ್ಕಿಂತ ಕ್ಲೀನ್ ಇತ್ತು. ಕಂದು ಮರಳಿನ ಟ್ರೇಲಿ ಹತ್ರ ಹೋಗಿ ನೋಡಿದ್ರೆ ಮೇಲೆ ಹೇಲು ಬಿದ್ದಿರೋದು ಕಾಣ್ತಿತ್ತು, ಗ್ರಾವೆಲ್‌ನಲ್ಲಿ ಏನೂ ಇಲ್ಲ. ಗೆಳೆಯನೂ ಗ್ರಾವೆಲ್ ಅಂದ, ಅರ್ಧ ಒಪ್ಪಿ ಆಗಿತ್ತು. ಆಗ ಅವನ ಮಗಳು, ಇನ್ನೂ ಶಾಲೆಗೆ ಹೋಗೋ ಹುಡುಗಿ, ಅವತ್ತಿನ ಬಕೆಟ್ ಥರಾನೇ ಇದನ್ನೂ ನೋಡೋಣ ಅಂದ್ಲು. ನನಗೆ ಹೊಳೆದಿರ್ಲಿಲ್ಲ, ನಿಜ ಹೇಳ್ತೀನಿ.

ಎರಡು ಬಿಳೀ ಬಕೆಟ್, ಎರಡೂ ಟ್ರೇ ಅಲ್ಲಾಡಿಸದ ಹಾಗೆ ಮೇಲೆತ್ತಿ ಒಂದೊಂದಕ್ಕೆ ಸುರಿದು ಕೈಯಾಡಿಸಿದ್ವಿ. ಗ್ರಾವೆಲ್ ಬಕೆಟ್ ಕೆಂಪಗೆ ಕದಡಿತು. ಬರೀ ಮೂರು ವಾರದ ಕೊಳೆ, ಒಂದು ಸಣ್ಣ ಟ್ರೇಯಲ್ಲಿ. ಮರಳಿನ ಬಕೆಟ್‌ನಲ್ಲಿ ಮೇಲಿದ್ದ ಹೇಲಿನ ಚೂರುಗಳು ತೇಲಿದ್ವು, ನೀರು ತೆಳ್ಳಗೆ ಮಬ್ಬಾಯ್ತು, ಅರ್ಧ ನಿಮಿಷದಲ್ಲಿ ತಳ ಕಾಣಿಸ್ತು. ಕಾಣ್ತಿರೋ ಕೊಳೆ ತೆಗೀಬಹುದಾದ ಕೊಳೆ, ಕಾಣದೇ ಇರೋದು ಒಳಗೆ ಸೇರಿರೋದು, ಅಂತ ಅಲ್ಲಿದ್ದ ಯಾರಿಗೂ ಬಾಯಲ್ಲಿ ಹೇಳ್ಬೇಕಾಗ್ಲಿಲ್ಲ.

ಮೀನುಗಳೂ ಅಷ್ಟರಲ್ಲಿ ತಮ್ಮ ಓಟು ಹಾಕಿದ್ವು. ಆರು ಜಿಯೋಫೇಗಸ್‌ನಲ್ಲಿ ಐದು ದಿನದ ಹೆಚ್ಚು ಹೊತ್ತು ಆ ಕಂದು ಮರಳಿನ ಟ್ರೇ ಮೇಲೇ ಇರ್ತಿದ್ವು, ಬಾಯ್ತುಂಬ ತಗೊಂಡು ಕಿವಿರಿಂದ ಉದುರಿಸ್ತಾ. ಅಷ್ಟು ತಿಂಗಳಲ್ಲಿ ಅವು ಆ ಕೆಲಸ ಮಾಡಿದ್ದನ್ನ ಗೆಳೆಯ ನೋಡಿದ್ದು ಅದೇ ಮೊದಲು.

ಹಾಕಿದ್ದು ಹೇಗೆ

3 ಸೆಂಮೀ ಸಾಕು ಅಂತ ತೀರ್ಮಾನ ಮಾಡಿದ್ವಿ, ಒಟ್ಟು 50 ಕೆಜಿ. ಹಿಂದಿನ ಕಲ್ಲಿಗೆ ಹೋಲಿಸಿದ್ರೆ ಅರ್ಧಕ್ಕಿಂತ ಕಮ್ಮಿ ತೂಕ. ಮರಳು ದಪ್ಪ ಆದಷ್ಟೂ ಕೆಳಗೆ ಆಮ್ಲಜನಕ ಇಳಿಯಲ್ಲ. ಬೇರು ಬಿಡೋ ಗಿಡ ಬೇಕು ಅಂತ ಅವನ ಹೆಂಡತಿ ಕೇಳಿದ್ರು, ಅದಕ್ಕೆ ಇಡೀ ತಳ ದಪ್ಪ ಮಾಡೋ ಬದಲು ಮೂರು ಅಮೆಜಾನ್ ಸ್ವೋರ್ಡನ್ನ ಕುಂಡದಲ್ಲಿ ನೆಟ್ಟು ಮರದ ಹಿಂದೆ ಇಟ್ವಿ.

ತೊಳೆಯೋದು ಒಂದು ಇಡೀ ದಿನದ ಕೆಲಸ. ಒಂದು ಸಲಕ್ಕೆ ಐದಾರು ಕೆಜಿ ಮಾತ್ರ ಬಕೆಟ್‌ಗೆ ಹಾಕಿ, ಪೈಪನ್ನ ಬಕೆಟ್ ತಳದವರೆಗೂ ತೂರ್ಸಿ ಜೋರಾಗಿ ನೀರು ಬಿಟ್ಟು, ಕಲಕಿ, ಚೆಲ್ಲಿ, ಎಂಟು ಹತ್ತು ಸಲ. ಸೋಪು ಮುಟ್ಟಿಸ್ಬಾರ್ದು. ಇಲ್ಲಿ ಮೈಗಳ್ಳತನ ಮಾಡಿದ್ರೆ ಆಮೇಲೆ ಒಂದು ವಾರ ಹಾಲಿನಂಥ ನೀರು ನೋಡ್ಬೇಕಾಗುತ್ತೆ. ಮರ ಮತ್ತು ಅಲಂಕಾರದ ಕಲ್ಲನ್ನ ಮೊದಲು ಗಾಜಿನ ಮೇಲೇ ನೇರ ಕೂರಿಸಿದ್ವಿ, ಆಮೇಲೆ ಸುತ್ತ ಮರಳು. ಮರಳಿನ ಮೇಲೆ ಕಲ್ಲು ಇಟ್ರೆ ಜಿಯೋಫೇಗಸ್ ಅಡಿ ಅಗೆದು ಉರುಳಿಸಿ ಗಾಜು ಒಡೆಯೋ ಅಪಾಯ ಇದೆ. ಅಗಲವಾದ ಪಿವಿಸಿ ಪೈಪಲ್ಲಿ ಮರಳು ಸುರಿದು ತಳದವರೆಗೆ ಇಳಿಸಿದ್ವಿ, ಒಂದು ದಿನ ಎಡ ಅರ್ಧ, ನಾಲ್ಕು ದಿನ ಬಿಟ್ಟು ಬಲ ಅರ್ಧ. ಫಿಲ್ಟರಿನ ಬ್ಯಾಕ್ಟೀರಿಯಾ ಅಷ್ಟರಲ್ಲಿ ಗಟ್ಟಿಯಾಗಿ ನೆಲೆ ನಿಂತಿದ್ವು, ಅಮೋನಿಯ ದಿನಾ ನೋಡಿದ್ವಿ, ಸೊನ್ನೆ ಬಿಟ್ಟು ಏಳ್ಲಿಲ್ಲ. ಮಬ್ಬು ಎರಡು ದಿನಕ್ಕೆ ಹೋಯ್ತು.

ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿತ್ತು, ನೀರಿನ ಹರಿವು. ಮರಳಿನ ಮೇಲೆ ಕೊಳೆ ನಿಲ್ಲುತ್ತೆ ಅಂದ್ಮೇಲೆ ಅದನ್ನ ಒಂದೇ ಕಡೆ ಸೇರಿಸ್ಬಹುದಲ್ವಾ. ಎರಡೂ ಫಿಲ್ಟರಿನ ನೀರು ಎಡಗಡೆಯಿಂದ ಬರೋ ಹಾಗೆ ತಿರುಗಿಸಿ, ಹಿಂದಿನ ಗೋಡೆ ಉದ್ದಕ್ಕೆ ತಳದ ಹತ್ರ ಒಂದು ಸಣ್ಣ ಸರ್ಕ್ಯುಲೇಷನ್ ಪಂಪ್ ಇಟ್ವಿ. ನೀರು ಹಿಂದಿನಿಂದ ಬಲಕ್ಕೆ ಹೋಗಿ, ಮುಂದಿನ ಗಾಜಿಗೆ ತಿರುಗೋ ಕಡೆ ವೇಗ ಕಳ್ಕೊಳ್ಳುತ್ತೆ, ಅಲ್ಲೇ ಕೊಳೆ ಇಳಿಯುತ್ತೆ. ಪಂಪಿನ ಮುಖ ಎತ್ತ ಇರ್ಬೇಕು ಅಂತ ಹುಡುಕೋಕೆ ಹತ್ತು ದಿನ ಹಿಡೀತು, ಜಾಸ್ತಿ ತಗ್ಗಿಸಿದ್ರೆ ಮರಳೇ ಗುಂಡಿ ಬೀಳ್ತಿತ್ತು. ಕೊನೆಗೆ ಮುಂದಿನ ಬಲ ಮೂಲೆ, ಎರಡು ಅಂಗೈಯಷ್ಟು ಜಾಗ, ಅಲ್ಲಿ ಮಾತ್ರ ಕಲ್ಲು ಗಿಡ ಏನೂ ಇಡ್ದೆ ಬಿಟ್ವಿ. ಫಿಲ್ಟರ್ ನೀರೆಳೆಯೋ ಪೈಪನ್ನ ತಳದಿಂದ 15 ಸೆಂಮೀ ಮೇಲೆತ್ತಿ ಬಾಯಿಗೆ ಸ್ಪಾಂಜ್ ಹಾಕಿದ್ವಿ.

ಈಗ ಸೈಫನ್ ಅಂದ್ರೆ ಐನೂರು ಸಲ ಚುಚ್ಚೋದಲ್ಲ, ಕೊಳೆ ತಾನಾಗೇ ಬಂದು ಸೇರೋ ಆ ಮೂಲೆಗೆ ಪೈಪ್ ಹಿಡಿಯೋದು. ಟ್ಯೂಬನ್ನ ಮರಳಿಗೆ ಚುಚ್ಚದೆ ಎರಡು ಮೂರು ಸೆಂಮೀ ಮೇಲೆ ಹಿಡಿದು ನಿಧಾನಕ್ಕೆ ಸುತ್ತಿಸಿದ್ರೆ ಹೇಲು ಎದ್ದು ಬರುತ್ತೆ, ಮರಳು ಕೂತಲ್ಲೇ ಇರುತ್ತೆ. ಟ್ಯೂಬ್ ಅಗಲ ಇದ್ದು ಪೈಪ್ ಸಣ್ಣ ಇದ್ರೆ ಟ್ಯೂಬ್ ಒಳಗೆ ನೀರು ನಿಧಾನ, ಎದ್ದ ಮರಳೂ ವಾಪಸ್ ಬೀಳುತ್ತೆ. ಬರೀ ಪೈಪ್ ಹಿಡಿಯೋರಿಗೇ ಮರಳು ಎಳ್ಕೊಂಡು ಹೋಗೋದು.

ಆಮೇಲೆ ಆಗಿದ್ದು

ಎಲ್ಲಾ ಸುಸೂತ್ರ ಆಯ್ತು ಅಂತ ಹೇಳಲ್ಲ. ಮೂರನೇ ವಾರಕ್ಕೆ ಮರಳಿನ ಮೇಲೆಲ್ಲ ಕಂದು ಪುಡಿ ಕೂತು ಗೆಳೆಯ ಗಾಬರಿಯಾಗಿ ಮತ್ತೆ ಫೋನ್ ಮಾಡ್ದ, ಇದನ್ನೂ ತೆಗೆದ್ಬಿಡ್ಲಾ ಅಂತ. ಅದು ಡಯಾಟಮ್ ಅನ್ನೋ ಕಂದು ಪಾಚಿ, ಹೊಸ ತಳದಲ್ಲಿ ಬರೋದೇ. ಕಾಯಿ ಅಂದೆ. ಲೈಟ್ ಉರಿಸೋದನ್ನ ದಿನಕ್ಕೆ 6 ಗಂಟೆಗೆ ಇಳಿಸ್ದ, ಎರಡು ತಿಂಗಳೊಳಗೆ ತಾನಾಗೇ ಹೋಯ್ತು. ಅವತ್ತು ಅವನು ಆತುರಪಟ್ಟು ಮರಳು ತೆಗೆದಿದ್ರೆ ಮೂರನೇ ಸಲ ಅದೇ ಸುತ್ತು ಆಗ್ತಿತ್ತು.

ಐದನೇ ತಿಂಗಳಲ್ಲಿ ಮರದ ಹಿಂದೆ ಜಿಯೋಫೇಗಸ್ ಗುಡ್ಡೆ ಹಾಕಿದ್ದ ಮರಳು 8 ಸೆಂಮೀ ಆಗಿತ್ತು, ಗಾಜಿನ ಮೂಲಕ ನೋಡಿದ್ರೆ ಅಡಿಯಲ್ಲಿ ಕಪ್ಪು ಪಟ್ಟಿ, ಕಡ್ಡಿ ಆಡಿಸಿದ್ರೆ ಗುಳ್ಳೆ ಎದ್ದು ಕೊಳೆತ ಮೊಟ್ಟೆ ವಾಸನೆ. ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ. ಒಂದೇ ಸಲ ಕದಡದೆ ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪ ಕೆರೆದು ಹರಡಿದ. ಈಗ ತಿಂಗಳಿಗೊಂದ್ಸಲ ಅಲ್ಲಿ ಮರಳು ಸಮ ಮಾಡ್ತಾನೆ. ಗಿಡದ ಜೊತೆ ಬಂದ ಮಲೇಷಿಯನ್ ಟ್ರಂಪೆಟ್ ಬಸವನಹುಳುಗಳನ್ನ ಅವನು ತೆಗೀಬೇಕು ಅಂತಿದ್ದ, ನಾನು ಬಿಡು ಅಂದೆ. ಹಗಲು ಮರಳಿನ ಒಳಗೇ ಇದ್ದು ಅಡ್ಡಾಡೋದ್ರಿಂದ ಮರಳು ಗಟ್ಟಿಯಾಗಲ್ಲ. ಫುಡ್ ಜಾಸ್ತಿ ಆದ್ರೆ ಅವೂ ಜಾಸ್ತಿ ಆಗ್ತಾವೆ, ಹಾಗಾಗಿ ಅವುಗಳ ಸಂಖ್ಯೆ ನೋಡಿ ಫುಡ್ ಅಳತೆ ಸರಿಮಾಡ್ಕೊಂಡ.

ಮೂರು ಗಂಟೆಯ ಭಾನುವಾರ ಈಗ ನಲವತ್ತು ನಿಮಿಷ, ಅದ್ರಲ್ಲಿ ಬಗ್ಗೋದು ಹತ್ತು ನಿಮಿಷ. ನೈಟ್ರೇಟ್ ವಾರದ ಕೊನೆಗೆ 25, 30ರ ಒಳಗೆ. ಪಿಎಚ್ ನಲ್ಲಿ ನೀರಿನಷ್ಟೇ. ಉಳಿದ ಒಂಬತ್ತು ಕೋರಿಯಲ್ಲಿ ಏಳಕ್ಕೆ ಮೀಸೆ ವಾಪಸ್ ಬಂತು, ಎರಡಕ್ಕೆ ಬುಡದವರೆಗೂ ಹೋಗಿದ್ದಿದ್ರಿಂದ ಬೆಳೀಲೇ ಇಲ್ಲ, ಅವನ್ನ ನೋಡಿದಾಗೆಲ್ಲ ನಂಗೆ ಆ ಶನಿವಾರಾನೇ ನೆನಪಾಗುತ್ತೆ.

ಮುಂದಿನ ಗಾಜಿಗೂ ಮರಳಿಗೂ ನಡುವೆ ಒಂದು ಹಸಿರು ಗೆರೆ ಬೆಳೀತಾನೇ ಇರುತ್ತೆ, ಅದು ಮರಳು ಹಾಕಿದ ಎಲ್ಲರಿಗೂ ಇರೋ ಕಿರಿಕಿರಿ. ಹಳೇ ಪ್ಲಾಸ್ಟಿಕ್ ಕಾರ್ಡನ್ನ ಗಾಜಿಗೆ ಒತ್ತಿ ಕೆಳಗೆ ಜಾರಿಸಿ ಕೆರೆದ್ರೆ ಎರಡು ವಾರ ಕಾಣಲ್ಲ, ಅದಕ್ಕಿಂತ ಒಳ್ಳೇ ಉಪಾಯ ನಮಗಿನ್ನೂ ಸಿಕ್ಕಿಲ್ಲ. ಸೈಫನ್ ಜೊತೆ ಹೊರಗೆ ಬರೋ ಚೂರುಪಾರು ಮರಳನ್ನ ಅವನ ಮಗಳು ಒಂದು ಡಬ್ಬೀಲಿ ಎತ್ತಿಟ್ಕೊಳ್ತಾಳೆ, ಡಬ್ಬಿ ತುಂಬಿದಾಗ ತೊಳೆದು ಅದೇ ಪಿವಿಸಿ ಪೈಪಲ್ಲಿ ವಾಪಸ್ ಹಾಕ್ತಾಳೆ.